ಶುಕ್ರವಾರ ಮಧ್ಯಾಹ್ನದ ನಕಲು

ಕಡಲತೀರದ ಸೆಮರಾಂಗ್ ನಗರದ ಪೊಲೀಸ್ ಠಾಣೆಗೆ ದೂರು ತಲುಪಿದ್ದು ಸೋಮವಾರ ಬೆಳಿಗ್ಗೆ. ಡಯಾಲಿಸಿಸ್ ಕೇಂದ್ರವೊಂದರ ಡೇಟಾಬೇಸಿನಲ್ಲಿ ಯಾರೋ ರೋಗಿಗಳ ಚಿಕಿತ್ಸೆಯ ಸರದಿ ತಿದ್ದಿದ್ದರು. ಬೆಳಗಿನ ಸರದಿ ತಪ್ಪಿದ ಮುದುಕರೊಬ್ಬರು ಕೇಂದ್ರದ ಬಾಗಿಲಲ್ಲೇ ಕುಸಿದಿದ್ದರು. ತಿದ್ದಲು ಬಳಸಿದ್ದು ಹರ್ಜೊ ಅವರ ಪಾಸ್‌ವರ್ಡ್. ಡೇಟಾಬೇಸ್ ನೋಡಿಕೊಳ್ಳುವ ಅವರ ಹೊರತು ಬೇರಾರಿಗೂ ಅದು ತಿಳಿಯದು. ಎಫ್‌ಐಆರ್‌ನಲ್ಲಿ ಅವರದೊಂದೇ ಹೆಸರಿತ್ತು.

"ಇನ್ನೇನು ಯೋಚನೆ ಬು? ಕರ್ಕೊಂಡು ಬರೋಣ," ಎಂದ ಕಾನ್ಸ್‌ಟೇಬಲ್ ತೋಗಾರ್. ಅಲ್ಲಿ ಹೆಂಗಸರನ್ನು 'ಬು', ಗಂಡಸರನ್ನು 'ಪಾಕ್' ಎಂದು ಕರೆಯುವುದು ಮರ್ಯಾದೆ.

ಇನ್ಸ್‌ಪೆಕ್ಟರ್ ವೆನಿಂಗ್ ಒಪ್ಪಲಿಲ್ಲ. ತಿದ್ದುಪಡಿ ನಡೆದದ್ದು ಶುಕ್ರವಾರ ಮಧ್ಯಾಹ್ನ. ಆಗ ತಾನು ಮಸೀದಿಯಲ್ಲಿದ್ದೆ ಎಂದಿದ್ದರು ಹರ್ಜೊ. ತೋಗಾರ್ ವಿಚಾರಿಸಿ ಬಂದ. ಅಂದು ಮಸೀದಿಯಿಂದ ಹರ್ಜೊ ಬೇರೆಯವರ ಚಪ್ಪಲಿ ಮೆಟ್ಟಿ ಹೋಗಿದ್ದರಂತೆ. ಚಪ್ಪಲಿಯ ಒಡೆಯ ಇನ್ನೂ ಬೈಯುತ್ತಿದ್ದ.

ಬುಧವಾರ ಕೇಂದ್ರದ ಕಚೇರಿಯಲ್ಲಿ ಪಂಚನಾಮೆ. ಶುಕ್ರವಾರ ಮಧ್ಯಾಹ್ನ ಕಚೇರಿ ಬಹುತೇಕ ಖಾಲಿ, ಹಾಗಾಗಿ ಡೇಟಾಬೇಸಿನ ವಾರದ ನಕಲನ್ನು, ಅಂದರೆ ಬ್ಯಾಕಪ್ಪನ್ನು, ಆಗಲೇ ತೆಗೆಯುವ ಪದ್ಧತಿ. ಆದರೆ ತಾನಾಗಿ ಓಡಬೇಕಾದ ಪ್ರೋಗ್ರಾಂ ಪಾಸ್‌ವರ್ಡ್ ಕೇಳಿ ನಿಂತುಬಿಡುತ್ತಿತ್ತು. ಅದಕ್ಕೆ ಹರ್ಜೊ ಪಾಸ್‌ವರ್ಡನ್ನು ಪ್ರೋಗ್ರಾಂ ಓಡಿಸುವ ಆಜ್ಞೆಯ (ಕಮಾಂಡ್) ಸಾಲಿನಲ್ಲೇ ಸೇರಿಸಿಬಿಟ್ಟಿದ್ದರು.

"ಟೈಪ್ ಮಾಡೋಕೆ ನಮಾಜು ಬಿಟ್ಟು ಬರೋಕಾಗತ್ತಾ ಬು?" ಎಂದರು ಹರ್ಜೊ.

"ಅದನ್ನೇ ಈಗ ಓಡಿಸಿ, ಪಾಕ್ ಹರ್ಜೊ," ಎಂದು ವೆನಿಂಗ್ ಗುಮಾಸ್ತರೊಬ್ಬರ ಮೇಜಿಗೆ ಹೋಗಿ ಕೂತಳು. ಮೇಜುಗಳು ಬೇರೆಯಾದರೂ ಎಲ್ಲರೂ ಕೆಲಸ ಮಾಡುವುದು ಅದೇ ಒಂದು ಸರ್ವರ್ ಯಂತ್ರದಲ್ಲಿ. ಏನೇನು ಓಡುತ್ತಿದೆ ತೋರಿಸು ಎಂದು ಯಂತ್ರವನ್ನು ಕೇಳಿದಳು. ನಕಲಿನ ಆಜ್ಞೆ ಪಾಸ್‌ವರ್ಡ್ ಸಮೇತ ಪರದೆಯ ಮೇಲೆ ಬಂತು; ನಕಲು ಓಡುವಾಗ ಯಾರು ಬೇಕಾದರೂ ಅದನ್ನು ಓದಬಹುದಿತ್ತು. ಹರ್ಜೊ ಕಿವಿ ಕೆಂಪಾದವು.

ಶುಕ್ರವಾರ ಗಂಡಸರೆಲ್ಲ ನಮಾಜಿಗೆ ಹೋದ ಮೇಲೆ ಕಚೇರಿಯಲ್ಲಿ ಉಳಿಯುತ್ತಿದ್ದವಳು ಸೆಕಾರ್ ಒಬ್ಬಳೇ, ಸರದಿ ಬರೆದುಕೊಳ್ಳುವ, ಆದರೆ ತಿದ್ದುವ ಅಧಿಕಾರವಿಲ್ಲದ ಗುಮಾಸ್ತೆ. ಹೊಸದಾಗಿ ಬೆಳಗಿನ ಸರದಿ ಸಿಕ್ಕಿದ್ದು ಅವಳ ತಾಯಿಗೆ. ಅವಳು ಅಲ್ಲಗಳೆಯಲಿಲ್ಲ.

"ಸಂಜೆ ಉಬ್ಬರ ಬಂದ್ರೆ ನಮ್ಮೂರ ದಾರಿ ಮುಳುಗತ್ತೆ ಬು. ಚಿಕಿತ್ಸೆ ಮುಗಿಸಿ ಅಮ್ಮ ನೀರಿಳಿಯೋವರೆಗೂ ರಸ್ತೆ ಬದೀಲಿ ಕೂತಿರ್ತಾಳೆ. ಸರದಿ ಬದಲಿಸಿ ಅಂತ ಕೇಳ್ದೆ. ಸಿಬ್ಬಂದಿ ಮನೆಯೋರಿಗೆ ವಿಶೇಷ ರಿಯಾಯಿತಿ ಇಲ್ಲ ಅಂದ್ರು."

"ಆ ಮುದುಕರು?"

"ಅವರ ಮನೆ ಹತ್ರಾನೇ, ಸಂಜೆ ಆದ್ರೂ ಹೋಗ್ಬೋದು ಅಂತ ನೋಡ್ಕೊಂಡೇ ಆರಿಸ್ದೆ." ಅವಳು ತಲೆ ತಗ್ಗಿಸಿದಳು. "ಅವರಿಗೆ ತಿಳಿಸೋ ಧೈರ್ಯ ಬರ್ಲಿಲ್ಲ."

ಸೆಕಾರ್ ಬಂಧನ ದಾಖಲಾಯಿತು. ಎಫ್‌ಐಆರ್‌ನಿಂದ ಹರ್ಜೊ ಹೆಸರನ್ನು ಕೈಬಿಡಲಾಯಿತು.

ಅಂದೇ ಹರ್ಜೊ ಪಾಸ್‌ವರ್ಡನ್ನು ಆಜ್ಞೆಯಿಂದ ಕಿತ್ತು, ತಾವೊಬ್ಬರೇ ಓದಬಲ್ಲ ಕಡತದಲ್ಲಿಟ್ಟು, ಪ್ರೋಗ್ರಾಂ ಅಲ್ಲಿಂದ ತೆಗೆದುಕೊಳ್ಳುವಂತೆ ಮಾಡಿದರು. ಆಮೇಲೆ ಕೇಂದ್ರದ ಬಾಗಿಲ ಬಳಿ, ಮತ್ತೆ ಸಂಜೆಯ ಸರದಿಗೇ ಬಿದ್ದು ಚಿಕಿತ್ಸೆ ಮುಗಿಸಿ ಹೊರಟಿದ್ದ ಸೆಕಾರ್ ತಾಯಿ ಕಂಡರು.

"ನೀರಿಳಿಯೋವರೆಗೆ ನಮ್ಮನೇಲಿರಿ ಬು," ಎಂದು ಅವರ ಕೈಚೀಲ ಎತ್ತಿಕೊಂಡರು.