ಬಿಸಿನೀರ ಬುಗ್ಗೆಯ ಬಳಿ ಸಿಕ್ಕವನು

"ಅಲ್ಲಿ ಕಾಲಿಡಬ್ಯಾಡ್ರೀ... ಸುಡತೈತಿ!"

ಸಹನಾ ಬೆಚ್ಚಿ ಕಾಲು ಹಿಂದೆಳೆದುಕೊಂಡಳು. ಒಮಾನ್ ದೇಶದ ಮರಳುಗಾಡಿನ ನಡುವೆ, ಈ ಬಿಸಿನೀರ ಬುಗ್ಗೆಯ ದಂಡೆಯಲ್ಲಿ, ಕೊಪ್ಪಳ ಸೀಮೆಯ ಮಾತು!

ತಿರುಗಿ ನೋಡಿದಳು.

ದುರಗೇಶ!

ಮೂರು ವರ್ಷದ ಹಿಂದೆ ಆನೆಗೊಂದಿಯಿಂದ ತಾವರಗೇರಾಕ್ಕೆ ಬಂದು ಅವಳನ್ನು ನೋಡಿ ಒಪ್ಪಿದವನು. ನಾಲ್ಕು ತಿಂಗಳು ದಿನವೂ ಫೋನಿನಲ್ಲಿ ಮಾತಾಡಿದವನು. ನಿಶ್ಚಯಕ್ಕೆ ಎಂಟೇ ದಿನವಿರುವಾಗ, 'ಈ ಸಂಬಂಧ ಬ್ಯಾಡ' ಎಂದು ಹೇಳಿ ಕಳಿಸಿದವನು!

ಅವನು ಕಾರಣ ಹೇಳಲಿಲ್ಲ. ಊರವರೇ ನೂರು ಕಾರಣ ಹುಟ್ಟಿಸಿದರು, ಎಲ್ಲವೂ ಅವಳ ಮೇಲೆ. ಆ ಮಾತುಗಳಿಂದ ತಪ್ಪಿಸಿಕೊಳ್ಳಲೆಂದೇ ನರ್ಸ್ ಕೆಲಸ ಹಿಡಿದು ಇಷ್ಟು ದೂರ ಬಂದಿದ್ದಳು.

ನೀರಿನಲ್ಲಿ ತೋಳು ಅದ್ದಿ ಕುಳಿತು, ಕನ್ನಡದ ಮಾತು ಕೇಳಿ ಎಚ್ಚರಿಸಿದ್ದವನು ಅವಳ ಮುಖ ಕಂಡು ಗಡಬಡಿಸಿ ಎದ್ದು ಅಂಗಿಯ ತೋಳು ಕೆಳಗೆಳೆದುಕೊಂಡ.

"ಯಾರವಾ? ಗುರ್ತಿನವರೇನು?" ಎಂದಳು ಜೊತೆಯ ನರ್ಸ್, ಗಂಗಾವತಿಯ ಹಜರತಬೀ.

"ಅಲ್ಲ. ನಡಿ, ಹೋಗೋಣು."

ವ್ಯಾನಿನವರೆಗೆ ಹೋದಳು. ಹತ್ತಲಿಲ್ಲ. ಸೀಟಿನ ಮೇಲೆ ಬ್ಯಾಗ್ ಇಟ್ಟಳು, ಮತ್ತೆ ತೆಗೆದುಕೊಂಡಳು. ಕೇಳಿ ಏನಾಗಬೇಕು? ಕೇಳದೆ ಹೋದರೆ... ಇನ್ನೆಂದು?

ಸರಸರನೆ ಹಿಂದಿರುಗಿ ಅವನೆದುರು ನಿಂತಳು.

"ನನ್ನಾಗ ಏನ್ ಐಬು ಕಂಡ್ರಿ? ಈಗರ ಹೇಳ್ರಿ!"

"ಐಬು ನಿನ್ನಾಗಲ್ಲ ಸಹನಾ... ನನ್ನಾಗ."

ಅವನು ಅಂಗಿಯ ತೋಳು ಮಡಚಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಬಿಳಿ ಕಲೆಗಳು.

"ನಿಶ್ಚಯದ ಮುಂದ ಕಾಣಿಸ್ಕೊಂತು. ತೊನ್ನು ಅಂದ್ರ ಊರಾಗ ಏನಂತಾರ ಗೊತ್ತಲ್ಲ? ನಿನ್ನ ತಂಗಿಗೂ ಗಂಡು ಸಿಗಾಂಗಿಲ್ಲ ಅಂತ ಹೆದರಿದೆ. ಇಲ್ಲಿ ಬಂದು ಟ್ಯಾಂಕರ್ ಓಡಸಾಕತ್ತೆ. ಈ ನೀರಿಗೆ ವಾಸಿ ಆಗತೈತಿ ಅಂದ್ರು, ಶುಕ್ರವಾರ ಶುಕ್ರವಾರ ಬರ್ತೀನಿ. ವಾಸಿ ಆದಮ್ಯಾಲ ನಿಮ್ಮ ಮನಿಗಿ ಬಂದು ಕೇಳೋಣು ಅಂತಿದ್ದೆ..."

"ಹುಚ್ಚ ಹಿಡದಿತ್ತೇನ್ರಿ ನಿಮಗ?" ಸಹನಾಳ ಕಣ್ಣು ತುಂಬಿತು. "ನಾ ನರ್ಸ್ ಅದೀನಿ! ಇಂಥಾ ಕಲೆ ಎಷ್ಟು ನೋಡೀನಿ. ಇದು ಅಂಟೂದಿಲ್ಲ, ಇದರಿಂದ ಯಾರೂ ಸಾಯೂದಿಲ್ಲ. ನನಗ ಒಂದ್ ಮಾತು ಹೇಳಬೇಕಿತ್ತು! ಮೂರು ವರ್ಷ ಕನ್ನಡಿ ಮುಂದ ನಿಂತು ನನ್ನಾಗ ಏನ್ ಕಮ್ಮಿ ಅಂತ ಹುಡುಕೀನ್ರಿ ನಾನು..."

"ತಪ್ಪಾತು. ನಿನ್ನ ಪರವಾಗಿ ನಾನೇ ತೀರ್ಮಾನ ಮಾಡಬಾರದಿತ್ತು."

ಅವಳಿಗೆ ಸಿಟ್ಟು ಇಳಿಯಲಿಲ್ಲ. ಹೋಗಲೂ ಮನಸ್ಸಾಗಲಿಲ್ಲ.

"ಲಗ್ನ ಆಗೇತೇನು?" ಎಂದಳು ಬೇರೆಲ್ಲೋ ನೋಡುತ್ತ.

"ಹೆಂಗ ಆಗಲಿ? ನಿನ್ನ ನಂಬರು ಇನ್ನೂ ಅಳಸಿಲ್ಲ... ನಿಂದು?"

ಸಹನಾ ನೀರು ಹದವಾಗಿದ್ದ ಕಡೆ ಕಲ್ಲಿನ ಮೇಲೆ ಕುಳಿತು ಪಕ್ಕದ ಜಾಗ ತೋರಿಸಿದಳು. ಅವನು ಕುಳಿತ. ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

ಆಚೆಯಿಂದ ಹಜರತಬೀ ಕೂಗಿದಳು, "ಸಹನಾ! ವ್ಯಾನ್ ಹೊಂಟೈತಿ, ಬರ್ತೀಯೋ ಇಲ್ಲೋ?"

"ಇದು ಹೋಗೂದಿಲ್ಲ ಸಹನಾ," ಎಂದ ಅವನು, ಕಲೆಗಳನ್ನೇ ನೋಡುತ್ತ. "ಎರಡು ವರ್ಷ ಅದ್ದಿ ನೋಡೀನಿ."

"ಅದು ಇರಲಿ ಬಿಡ್ರಿ..." ಅವಳು ಹಿಡಿತ ಬಿಗಿ ಮಾಡಿದಳು. "ನೀವು ಹೋಗಬ್ಯಾಡ್ರಿ."