ಕೆಂಪು ಖೋಲಿಯಲ್ಲಿ ಹಸಿರು

ಭಾನುವಾರ ಬೆಳಿಗ್ಗೆ ಸಾಂಖಳಿ ಠಾಣೆಗೆ ಬಂದ ಖಾತುನ, ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನನ್ನ ಗಂಡ ಜಾವೇದ ಕುಡದು ಸತ್ತಾನಂತ ಕಾರ್ಖಾನಿ ಮಾಲಕರು ಹೇಳಾಕತ್ತಾರ್ರಿ. ಅಂವ ಒಂದ್ ಹನಿ ಮುಟ್ಟಿದಾಂವಲ್ಲ. ನಿನ್ನಿ ಮಧ್ಯಾನ್ನ ಕೆಮ್ಮಕೋತ ಬಂದ, ಸಂಜಿಗೆ ಉಸಿರು ಸಿಗದ ಹ್ವಾದ. ಹೆಂಗ ಸತ್ತ ಅನ್ನೋದು ಖರೇ ಗೊತ್ತಾಗಬೇಕ್ರಿ."

ಇನ್‌ಸ್ಪೆಕ್ಟರ್ ದೀಪಾ ಎಫ್‌ಐಆರ್ ದಾಖಲಿಸಿ, ಶವವನ್ನು ಪರೀಕ್ಷೆಗೆ ಕಳಿಸಿದಳು. ಹೆಂಡದ ಸುಳಿವೇ ಇರಲಿಲ್ಲ. ಶ್ವಾಸಕೋಶಗಳಲ್ಲಿ ನೀರು ತುಂಬಿತ್ತು. ವಿಷದ ಹೊಗೆ ಎಂದರು ವೈದ್ಯರು. ಅದನ್ನು ಉಸಿರಾಡಿದವನು ಮೊದಲು ಆರಾಮಾಗಿ ಓಡಾಡಿಕೊಂಡಿರುತ್ತಾನೆ, ಸಾವು ಬರುವುದು ತಾಸುಗಳ ಮೇಲೆ. ಕೂಡಲೇ ತಂದಿದ್ದರೆ ಉಳಿಸಬಹುದಿತ್ತಂತೆ.

ಕಾರ್ಖಾನೆಯಲ್ಲಿ ತಯಾರಾಗುವುದು ನೇರಳೆ ಬೆಳಕಿನಡಿ ಕೆಂಪಗೋ ಹಸಿರಾಗೋ ಹೊಳೆಯುವ ಪುಡಿ. ಅಪರೂಪದ ಲೋಹಗಳನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಗಂಜಿಯಂತೆ ಗಟ್ಟಿಯಾದ ಜೆಲ್ಲನ್ನು ಸಣ್ಣ ಶಾಖದಲ್ಲಿ ಒಣಗಿಸಿ, ಆಮೇಲೆ ಸುಡಬೇಕು. ಅವಸರ ಮಾಡಿದರೆ ಜೆಲ್ ಉಕ್ಕಿ ಕಂದು ಹೊಗೆ ಕಾರುತ್ತದೆ. ಕೆಂಪು ಪುಡಿಯ ಖೋಲಿ ಜಾವೇದನದು, ಹಸಿರಿನದು ಅವನ ಜೊತೆಗಾರ ಅನಿಲನದು.

ಪಂಚನಾಮೆಗೆ ಹೋದಾಗ ಜಾವೇದನ ಒಲೆಯ ಒಳಗೋಡೆ ಕರಿಬಿದ್ದಿತ್ತು. ಶಾಖದ ಗುಂಡಿ ಕೊನೆಯವರೆಗೂ ತಿರುಗಿತ್ತು.

"ಇದನ್ನ ಯಾರು ತಿರುವಿದ್ರು?" ದೀಪಾ ಕೇಳಿದಳು.

"ಅಂವನೇ ಇರಬೇಕ್ರಿ," ಎಂದ ಅನಿಲ. "ನಾ ಈ ಖೋಲಿಗೆ ಕಾಲಿಟ್ಟಿಲ್ಲ."

ಕಾನ್‌ಸ್ಟೆಬಲ್ ಲಾಡಸಾಬ ಬಾಗಿಲು ಮುಚ್ಚಿ, ಪುಡಿ ಪರೀಕ್ಷಿಸುವ ನೇರಳೆ ದೀಪ ಹಚ್ಚಿದ. ನೆಲ, ಮೇಜು, ಗೋಡೆ ಎಲ್ಲವೂ ಕೆಂಪಗೆ ಉರಿದವು. ಒಲೆಯ ಶಾಖದ ಗುಂಡಿಯ ಸುತ್ತ ಮಾತ್ರ ಹಸಿರು ಗೆರೆಗಳು.

ಪುಡಿಗಳು ಬೆರೆಯಬಾರದೆಂದು ಅಲ್ಲಿ ಮುಟ್ಟಿದ್ದನ್ನೆಲ್ಲ ಒರೆಸುವ ರೂಢಿ. ಅನಿಲನೂ ಬೆರಳ ಗುರುತು ಒರೆಸಿಯೇ ಹೋಗಿದ್ದ. ಪಾಪ, ಅಚ್ಚುಕಟ್ಟಿನ ಮನುಷ್ಯ. ಒರೆಸಿದ್ದು ಮಾತ್ರ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಒರೆಸುವ ಬಟ್ಟೆಯಿಂದ, ಅದರ ತುಂಬ ಹಸಿರು ಪುಡಿ.

ಬಂಧಿಸಿದ ಮೇಲೆ ಅವನು ಮುಚ್ಚಿಡಲಿಲ್ಲ. "ಒಂದ ಖೋಲಿ ಉಳಸ್ತೀನಿ, ಇನ್ನೊಬ್ಬಂದು ಕೆಲಸ ಹೋಗ್ತೈತಿ ಅಂದಿದ್ರು ಮಾಲಕರು. ಅಂವನ ಮಾಲು ಕೆಡಲಿ ಅಂತ ಅಷ್ಟ ಮಾಡಿದ್ನಿರಿ. ಅಂವ ಬಂದು ಒಲಿ ಬಾಗಲಾ ತಗದ, ಹೊಗಿ ಮಾರಿಗೆ ಬಡೀತು."

"ಗಾಡಿ ಮ್ಯಾಲ ಮನಿಗೆ ಬಿಟ್ಟಾಂವ ನೀನ ಅಂತ ಖಾತುನ ಹೇಳ್ಯಾಳ," ಎಂದಳು ದೀಪಾ. "ದವಾಖಾನಿಗೆ ಯಾಕ ಒಯ್ಯಲಿಲ್ಲ?"

"ಯಾವ ಹೊಗಿ ಅಂತ ಡಾಕ್ಟರು ಕೇಳ್ತಾರಲ್ರಿ."

ಖಾತುನಳಿಗೆ ಇದನ್ನು ಹೇಳುವುದು ದೀಪಾಳಿಗೆ ಬೇಡವಾಗಿತ್ತು. ಆದರೂ ಎಲ್ಲವನ್ನೂ ಹೇಳಿದಳು.

"ದವಾಖಾನಿಗೆ ಹೋಗೂಣು ಅಂತ ನಾ ಕೈ ಹಿಡದು ಜಗ್ಗಿದ್ನಿರಿ," ಎಂದಳು ಖಾತುನ. "ಬ್ಯಾಡ, ಮಲಕೊಂಡ್ರ ಆರಾಮ ಆಗ್ತೈತಿ ಅಂತ ಅನಿಲ ಹೇಳ್ಯಾನ ಅಂದ."