ರಂಗನಾಯಕಮ್ಮನಿಗೆ ಒಂದು ಹಾಸಿಗೆ

ಹಾಸಿಗೆ ಹಿಡಿದ ವಯಸ್ಸಾದವರನ್ನು ನೋಡಿಕೊಳ್ಳುವ, ಕೊಯಮತ್ತೂರಿನ ಆ ಮೊದಲ ಹೋಮ್‌ನಲ್ಲಿ ಮ್ಯಾನೇಜರಮ್ಮ ಫಾರಂ ತೆಗೆದಿಟ್ಟು ತಮಿಳಿನಲ್ಲಿ ಇಲಕ್ಕಿಯಾಳನ್ನೇ ಕೇಳಿದಳು: "ಪೇಷಂಟ್ ನಿಮಗೆ ಏನಾಗಬೇಕು? ಅತ್ತೆಯಾ?"

ಇಲಕ್ಕಿಯಾ ಪಕ್ಕಕ್ಕೆ ತಿರುಗಿದಳು. ದೀನದಯಾಳನ್ ಗೋಡೆಯ ಕ್ಯಾಲೆಂಡರ್ ನೋಡುತ್ತ ಮೀಸೆಯಡಿ ನಗು ತಡೆದುಕೊಂಡಿದ್ದ.

"ಇನ್ನೂ ಏನೂ ಆಗಿಲ್ಲ," ಎಂದಳು.

ಹೊರಗೆ ಬಂದ ಮೇಲೆ ಅವನು ಮನೆಮಾತಾದ ಕನ್ನಡಕ್ಕೆ ಹೊರಳಿದ. "ಇನ್ನೂ ಅಂದ್ರಲ್ಲ. ಯಾವಾಗ ಆಗ್ತೀರಿ?"

"ಮೊದ್ಲು ಹೋಮ್ ಸಿಗ್ಲಿ."

ಮೂವತ್ತೊಂಬತ್ತಕ್ಕೆ ಕಿವಿ ಹೀಗೆ ಬಿಸಿಯಾಗಬಾರದು ಎಂದುಕೊಂಡಳು. ಆದರೂ ಕಾರು ಹತ್ತುವಾಗ ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಂಡಳು.

ಇಬ್ಬರದ್ದೂ ತಲೆಮಾರುಗಳಿಂದ ಇಲ್ಲೇ ನೆಲೆನಿಂತ ಕನ್ನಡದ ನೇಕಾರ ಮನೆತನ. ಅವನಿಗೆ ಸೋಮನೂರಿನಲ್ಲಿ ಪವರ್‌ಲೂಮ್ ಶೆಡ್ಡು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಆ ಹೆಂಡತಿಯ ತಾಯಿ ರಂಗನಾಯಕಮ್ಮನಿಗೆ ಬೇರೆ ಮಕ್ಕಳಿಲ್ಲ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಭಾಗವೆಲ್ಲ ಬಿದ್ದುಹೋದ ಮೇಲೆ ಅಳಿಯನೇ ನೋಡಿಕೊಳ್ಳುತ್ತಿದ್ದ.

ಇಲಕ್ಕಿಯಾ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಸೂಪರ್‌ವೈಸರ್. ಅವಳ ಮದುವೆಯ ಒಂಬತ್ತು ವರ್ಷ ಹಾಸಿಗೆ ಹಿಡಿದ ಅತ್ತೆಯ ಸೇವೆಯಲ್ಲೇ ಕಳೆದಿತ್ತು. ಅತ್ತೆ ಸತ್ತ ವರ್ಷವೇ ಗಂಡ ಬೇರೊಬ್ಬಳ ಜೊತೆ ಹೊರಟುಹೋದ. ಹಾಗಾಗಿ ದೀನದಯಾಳನ್ ಮದುವೆಯ ಮಾತೆತ್ತಿದಾಗ ಅವಳು ಏನನ್ನೂ ಮುಚ್ಚಿಡಲಿಲ್ಲ.

"ಹೆಂಡ್ತಿಯಾಗಿ ಬರ್ತೀನಿ. ಇನ್ನೊಂದ್ಸಲ ಬೆಡ್‌ಪ್ಯಾನ್ ಎತ್ತಾಕೆ ನನ್ ಕೈಲಾಗಲ್ಲ. ಅದು ತಪ್ಪು ಅನ್ಸಿದ್ರೆ ಈಗ್ಲೇ ಹೇಳ್ಬಿಡಿ."

ಅವನು ಎರಡು ದಿನ ಫೋನ್ ಮಾಡಲಿಲ್ಲ. ಮೂರನೆಯ ದಿನ ಮಾಡಿದ. "ಒಳ್ಳೇ ಜಾಗ ನೋಡೋಣ. ನೀವೂ ಬನ್ನಿ. ನಿಮ್ಗೆ ಗೊತ್ತಾಗ್ತದೆ."

ಅವಳಿಗೆ ನಿಜಕ್ಕೂ ಗೊತ್ತಾಗುತ್ತಿತ್ತು. ಬಂದವರೆಲ್ಲ ಬಾಗಿಲಿನ ಗ್ರಾನೈಟ್ ನೋಡಿದರೆ ಅವಳು ಮಲಗಿದವರ ಹಿಮ್ಮಡಿ ನೋಡುತ್ತಿದ್ದಳು. ಮೊದಲ ಹೋಮ್‌ನಲ್ಲಿ ಮಗ್ಗುಲು ಬದಲಿಸುವವರಿಲ್ಲದೆ ಒಬ್ಬ ಅಜ್ಜನ ಹಿಮ್ಮಡಿ ಕಪ್ಪಿಟ್ಟಿತ್ತು. ಕರೆಗಂಟೆಯ ವೈರನ್ನು ಕೈಗೆಟುಕದಂತೆ ಮೇಲೆ ಕಟ್ಟಿದ್ದರು. ಅವಿನಾಶಿ ರೋಡಿನ ಎರಡನೆಯದರಲ್ಲಿ ನೆಲ ಫಳಫಳ ಹೊಳೆಯುತ್ತಿತ್ತು, ಆದರೆ ನಲವತ್ತು ಜನಕ್ಕೆ ಇಬ್ಬರೇ ಆಯಾಗಳು. ಸಂಜೆ ಐದಕ್ಕೆಲ್ಲ ರಾತ್ರಿಯೂಟ ಮುಗಿಸಿಬಿಡುತ್ತಿದ್ದರು.

"ಅಷ್ಟೊತ್ತಿಗೇ ತಿಂದ್ರೆ ನಡುರಾತ್ರಿ ಹಸಿವಾಗಲ್ವಾ?" ಎಂದು ದೀನದಯಾಳನ್ ಕೇಳಿದ. ಮ್ಯಾನೇಜರ್ ನಕ್ಕು ಫೀಸಿನ ಪಟ್ಟಿ ಮುಂದಿಟ್ಟ.

ಪ್ರತಿ ಸಲವೂ ಹೊರಗೆ ಬಂದು ಟೀ ಅಂಗಡಿಯಲ್ಲಿ ನಿಲ್ಲುತ್ತಿದ್ದರು. ಅವನು ನೋಡಿದ್ದನ್ನೆಲ್ಲ ಫೋನಿನಲ್ಲಿ ಟೈಪ್ ಮಾಡುತ್ತಿದ್ದ. ಭಾಷೆ ಕನ್ನಡ, ಅಕ್ಷರ ತಮಿಳು. ಇಬ್ಬರಿಗೂ ಕನ್ನಡ ಓದಲು ಬಾರದು.

"ಎಷ್ಟು ಮಾರ್ಕ್ ಕೊಟ್ರಿ?" ಎಂದು ಬಗ್ಗಿ ನೋಡಿದಳು. ಬಾತ್‌ರೂಮ್, ಡಾಕ್ಟರ್, ಊಟ ಎಂಬ ಸಾಲುಗಳ ಕೆಳಗೆ ಇನ್ನೊಂದು ಸಾಲಿತ್ತು: ಇಲಕ್ಕಿಯಾ ಇವತ್ತು ಹಸಿರು ಸೀರೆ.

ಅವನು ಫೋನ್ ಜೇಬಿಗೆ ತುರುಕಿದ. ಅವಳು ಟೀ ಗ್ಲಾಸಿನೊಳಗೆ ನೋಡುತ್ತ, "ಅದು ಹೋಮ್‌ಗೆ ಪ್ಲಸ್ಸಾ ಮೈನಸ್ಸಾ?" ಎಂದಳು. ಅವನ ಕುತ್ತಿಗೆ ಕೆಂಪಾಯಿತು.

ಮೂರನೆಯದು ಕುನ್ನತ್ತೂರಿನ ಹೊರಗೆ, ಹೊಲಗಳ ನಡುವಿನ ಹೆಂಚಿನ ಮನೆ. ಇದ್ದವರು ಹನ್ನೆರಡೇ ಜನ. ಕೊಳ್ಳೇಗಾಲದ ಕಡೆಯ ಸಿಸ್ಟರ್ ಒಬ್ಬಳು ಕನ್ನಡ ಮಾತಾಡುತ್ತಿದ್ದಳು. ಕಿಟಕಿ ಪಕ್ಕ ಒಂದು ಹಾಸಿಗೆ ಖಾಲಿಯಿತ್ತು. ಇಲಕ್ಕಿಯಾ ಹುಡುಕಿ ಹುಡುಕಿ ನೋಡಿದರೂ ಒಂದು ತಪ್ಪೂ ಸಿಗಲಿಲ್ಲ. ಮುಂದಿನ ಭಾನುವಾರ ರಂಗನಾಯಕಮ್ಮನನ್ನು ಅರ್ಧ ದಿನ ಇಟ್ಟು ನೋಡುವುದೆಂದಾಯಿತು.

ಅತ್ತೆ ಅಳಿಯ ಇಬ್ಬರನ್ನೂ ಅವಳು ಒಟ್ಟಿಗೆ ನೋಡಿದ್ದು ಅವತ್ತೇ ಮೊದಲು. ಮಧ್ಯಾಹ್ನ ಅವನು ಬಟ್ಟಲು ಹಿಡಿದು ಮಂಚದ ಅಂಚಿನಲ್ಲಿ ಕೂತು ಸಿಸ್ಟರ್‌ಗೆ ಹೇಳಿಕೊಡುತ್ತಿದ್ದ.

"ಎಡಗೆನ್ನೇಲಿ ಇಡಿ. ನುಂಗಿದ್ರಾ ಅಂತ ಕೇಳ್ಬೇಡಿ, ಕೇಳಿದ್ರೆ ಆತುರ ಮಾಡ್ತಾರೆ. ಗಂಟಲು ನೋಡ್ತಾ ಇರಿ, ಸಾಕು. ರಸ ಅಂದ್ರೆ ಇಷ್ಟ, ಆದ್ರೆ ನೀರಾಗಿದ್ರೆ ಪುರೆ ಹತ್ತಿ ಕೆಮ್ಮು ಬರುತ್ತೆ, ಅನ್ನ ಚೆನ್ನಾಗಿ ಕಿವುಚಿ."

ಹೇಳುತ್ತ ಹೇಳುತ್ತ ಹೆಬ್ಬೆರಳಿನಿಂದ ಮುದುಕಿಯ ತುಟಿಯಂಚು ಒರೆಸಿದ. ಹಾಗೆ ಒರೆಸಿದ್ದು ಅವನಿಗೇ ತಿಳಿದಿರಲಿಕ್ಕಿಲ್ಲ.

ಒಂಬತ್ತು ವರ್ಷ ಇಲಕ್ಕಿಯಾ ಇಂಥ ಒಂದು ಕೈಗಾಗಿ ಕಾದಿದ್ದಳು. ಆ ಮನೆಯಲ್ಲಿ ಹೆತ್ತ ಮಗನೇ ತಾಯಿಗೆ ಒಂದು ಲೋಟ ನೀರು ಹಿಡಿದವನಲ್ಲ.

ರಂಗನಾಯಕಮ್ಮ ಎಡಗೈಯಿಂದ ಇಲಕ್ಕಿಯಾಳ ಮಣಿಕಟ್ಟು ಹಿಡಿದಳು. ಮಾತು ಒಂದೊಂದಾಗಿ ಬಂತು.

"ಇವ್ನು... ನಿಂತ್ಕೊಂಡೇ... ಉಣ್ತಾನೆ. ನೀ... ಕೂರ್ಸು. ನಾ... ಇಲ್ಲಿರ್ತೀನಿ."

ದೀನದಯಾಳನ್ ಬಟ್ಟಲು ಇಟ್ಟು ಹೊರಗೆ ಹೋದ.

ಅವನು ಜಗಲಿಯ ಮೇಲೆ ಕೂತಿದ್ದ. ತೊಡೆಯ ಮೇಲೆ ಫಾರಂ, ಕೈಯಲ್ಲಿ ಮುಚ್ಚಳ ತೆಗೆದ ಪೆನ್ನು. ಇಲಕ್ಕಿಯಾ ಪಕ್ಕದಲ್ಲಿ ಕೂತಳು.

"ಜಾಗ ಚೆನ್ನಾಗಿದೆ," ಎಂದ.

"ಹೂಂ."

"ಅತ್ತೆನೂ ಒಪ್ಪಿದಾರೆ."

"ಹೂಂ."

"ಮತ್ತೆ ನಂಗ್ಯಾಕೆ ಕೈಯೇ ಬರ್ತಿಲ್ಲ?"

ಅವಳು ತನ್ನನ್ನು ತಾನೇ ಕೇಳಿಕೊಂಡಳು: ಆ ಮನೆಗೆ ಹೋಗಿ, ಈ ಮುದುಕಿಯನ್ನು ಎತ್ತಿ ಮಲಗಿಸಿ, ಇವನ ಜೊತೆ ಬದುಕಬಲ್ಲೆನಾ? ಪ್ರಾಮಾಣಿಕವಾಗಿ ಕೇಳಿಕೊಂಡಳು. ಆಗುವುದಿಲ್ಲ ಎಂದೇ ಉತ್ತರ ಬಂತು.

ಅವನ ಕೈಯಿಂದ ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿದಳು. "ಅವರ್ನ ಮನೆಗೆ ಕರ್ಕೊಂಡ್ ಹೋಗಿ."

"ನೀವು?"

"ನಾ ಬರಾಕಾಗಲ್ಲ. ಬಂದ್ರೆ ಒಂದೇ ವರ್ಷಕ್ಕೆ ನಿಮ್ಮಿಬ್ರ ಮೇಲೂ ಸಿಡುಕೋ ಹೆಂಗಸಾಗ್ತೀನಿ. ನನ್ ಸ್ವಭಾವ ನಂಗೆ ಗೊತ್ತು."

"ಇಲ್ಲೇ ಬಿಟ್ರೆ?"

"ನೀವು ದಿನಾ ಇಲ್ಲೇ ಇರ್ತೀರಿ. ಮೈ ಮಾತ್ರ ಸೋಮನೂರಲ್ಲಿ ಇರ್ತದೆ."

ಅವನು ಫಾರಂ ಮಡಚಿದ. ಆಮೇಲೆ, "ಸ್ವಲ್ಪ ವರ್ಷ ಕಾಯೋಣ್ವಾ?" ಎಂದ.

"ಏನಕ್ಕೆ ಕಾಯಾದು, ಹೇಳಿ."

ಅವನಿಗೆ ಅರ್ಥವಾಯಿತು. ತಲೆ ತಗ್ಗಿಸಿದ.

"ಅತ್ತೆ ಹೆಂಗಿದಾರೆ ಅಂತ ಫೋನಲ್ಲಿ ಕೇಳ್ತೀನಿ," ಎಂದಳು ಮೆಲ್ಲಗೆ. "ಚೆನ್ನಾಗಿದಾರೆ ಅಂತೀರಿ. ಅದನ್ನ ಕೇಳಿ ನಂಗೆ ಬೇಜಾರಾಗ್ಬಿಟ್ರೆ? ಅಂಥವಳಾಗಾದು ಬೇಡ ನಂಗೆ."

"ನೀವಂದ್ರೆ ನಂಗೆ ತುಂಬ ಇಷ್ಟ, ಇಲಕ್ಕಿಯಾ. ಇಷ್ಟು ದಿನ ಬಾಯ್ಬಿಟ್ಟು ಹೇಳ್ಲಿಲ್ಲ."

"ನಂಗೂ." ಅವನ ಕೈ ಹಿಡಿದುಕೊಂಡಳು. ಒಳಗೆ ಸಿಸ್ಟರ್ ಯಾರಿಗೋ ಮಾತ್ರೆ ಕೊಡುವ ಸದ್ದು ಕೇಳಿಸುತ್ತಿತ್ತು. ಅದು ನಿಲ್ಲುವವರೆಗೂ ಹಾಗೇ ಕೂತಿದ್ದರು.

ರಂಗನಾಯಕಮ್ಮನನ್ನು ಕಾರಿಗೆ ಕೂರಿಸುವಾಗ ಇಲಕ್ಕಿಯಾ ಅವನನ್ನು ತಡೆದು ಟವೆಲ್ ತಂದಳು. "ಸೊಂಟದ ಹಿಂದೆ ಹಿಂಗೆ ಕೊಟ್ಟು ಎತ್ತಿ. ಇಲ್ದಿದ್ರೆ ನಿಮ್ ಬೆನ್ನು ಹೋಗ್ತದೆ." ಒಂದು ಸಲ ತಾನೇ ಎತ್ತಿ ತೋರಿಸಿದಳು. ಮುದುಕಿ ಇಬ್ಬರ ಮುಖವನ್ನೂ ನೋಡಿದಳು. ಕಣ್ಣಲ್ಲಿ ನೀರಿತ್ತು.

ತಿರುಪ್ಪೂರಿಗೆ ಬಿಡುತ್ತೇನೆಂದು ಅವನು ಎರಡು ಸಲ ಕರೆದ. ಅವಳು ಬಸ್ಸಿಗೇ ಹೋದಳು.

ಅರ್ಧ ದಾರಿಯಲ್ಲಿ ಬಸ್ಸು ಆ ಕಾರನ್ನು ದಾಟಿತು. ಅವನು ಬೇವಿನ ಮರದಡಿ ಕಾರು ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು, ಬಗ್ಗಿ ಚಮಚದಲ್ಲಿ ನೀರು ಕುಡಿಸುತ್ತಿದ್ದ. ಬಸ್ಸಿನ ಕಡೆ ತಿರುಗಲಿಲ್ಲ. ಮುದುಕಿಯ ಗಂಟಲನ್ನೇ ನೋಡುತ್ತಿದ್ದ. ಇಲಕ್ಕಿಯಾ ಕರೆಯಲಿಲ್ಲ. ಅವನ ಬೆನ್ನು ಕಾಣುವಷ್ಟು ದೂರ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಪೆರುಮಾನಲ್ಲೂರು ಬರುವವರೆಗೂ ಅತ್ತಳು.